ತೂತಿಲ್ಲದ ಕಾಯಿಯ ನೀರು ಎಲ್ಲಿಗೆ ಹೋಯ್ತು ಮಿಸ್?

ತಿಪಟೂರು ಸೀಮೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ವಿಜ್ಞಾನ, ಗಣಿತ ಹೇಳಿಕೊಡುತ್ತೇನೆ. ನಮ್ಮ ಕೊಠಡಿಯ ಕಿಟಕಿ ಸರಳಿಗೆ ದಾರ ಕಟ್ಟಿ ಒಂದು ಉದ್ದನೆಯ ಪುಸ್ತಕ ತೂಗುಹಾಕಿದ್ದೇವೆ. ಅಂಗಡಿಯವರು ಸಾಲ ಬರೆದಿಡುವ ಪುಸ್ತಕವೇ, ಸಂತೆಯಲ್ಲಿ ಸಿಗುವಂಥದ್ದು. ಎಡಗಡೆ ಪುಟದಲ್ಲಿ ಮಕ್ಕಳು ಪ್ರಶ್ನೆ ಬರೆಯುತ್ತಾರೆ, ಬಲಗಡೆ ಪುಟ ಖಾಲಿ. ಹೆಸರು ಹಾಕಲೇಬೇಕು ಅಂತೇನಿಲ್ಲ. ಬಲಗಡೆ ಪುಟ ತುಂಬಿಸುವವರೂ ಅವರೇ. ನನ್ನ ಪಾಲಿಗೆ ಇರುವುದು ಒಂದೇ ಮಾತು: "ಇದನ್ನ ಕಂಡುಕೊಳ್ಳೋದು ಹೇಗೆ?"

ಶುರುವಿನಲ್ಲಿ ಬಂದ ಪ್ರಶ್ನೆಗಳನ್ನು ಓದಿದರೆ ನಗು ಬರುತ್ತಿತ್ತು, ಒಳಗೊಳಗೇ ಬೇಜಾರೂ ಆಗುತ್ತಿತ್ತು. "ದ್ಯುತಿಸಂಶ್ಲೇಷಣೆ ಎಂದರೇನು?" "ಆಮ್ಲ ಮತ್ತು ಪ್ರತ್ಯಾಮ್ಲಗಳಿಗೆ ಇರುವ ವ್ಯತ್ಯಾಸ ಬರೆಯಿರಿ." ಪ್ರಶ್ನೆ ಅಂದರೆ ಪಾಠದ ಕೊನೆಯಲ್ಲಿ ಇರೋದು, ಎರಡು ಅಂಕದ್ದು, ಕೇಳುವವರಿಗೆ ಉತ್ತರ ಮೊದಲೇ ಗೊತ್ತಿರೋದು. ಮಕ್ಕಳು ಶಾಲೆಯಲ್ಲಿ ಕಲಿತಿದ್ದು ಅಷ್ಟೇ. ಗೊತ್ತಿಲ್ಲದ್ದನ್ನು ಕೇಳಿದರೆ "ತಲೆಹರಟೆ ಮಾಡಬೇಡ" ಅನ್ನುವುದು ಮನೆಯಲ್ಲೂ ಇತ್ತು, ನಮ್ಮಲ್ಲೂ ಇತ್ತು. ಪ್ರತಿ ವರ್ಷ ಫೆಬ್ರವರಿ 28ಕ್ಕೆ ವಿಜ್ಞಾನ ದಿನ ಮಾಡುತ್ತೇವೆ. 1921ರಲ್ಲಿ ಹಡಗಿನಲ್ಲಿ ಹೋಗುತ್ತಿದ್ದ ರಾಮನ್ ಅವರು ಮೆಡಿಟರೇನಿಯನ್ ಸಮುದ್ರದ ನೀಲಿ ನೋಡಿ ಅದು ಯಾಕೆ ನೀಲಿ ಅಂತ ಕೇಳಿಕೊಂಡರು ಅಂತ ಭಾಷಣ ಮಾಡುತ್ತೇವೆ. ಭಾಷಣ ಮುಗಿಯುವವರೆಗೂ ಮಕ್ಕಳು ಕೈಕಟ್ಟಿ, ಬಾಯಿ ಮೇಲೆ ಬೆರಳಿಟ್ಟು ಕೂತಿರಬೇಕು!

ಹಾಗಾಗಿ ಒಂದು ಕಟ್ಟಳೆ ಮಾಡಿದೆ. ಪಠ್ಯಪುಸ್ತಕದ ಪ್ರಶ್ನೆ ಬರೆಯುವಂತಿಲ್ಲ. ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ, ತೋಟದಲ್ಲಿ, ಅಡುಗೆಮನೆಯಲ್ಲಿ ಕಣ್ಣಿಗೆ ಬಿದ್ದದ್ದರ ಬಗ್ಗೆ ಮಾತ್ರ ಬರೆಯಬೇಕು. ಸ್ವಲ್ಪ ದಿನ ಪುಸ್ತಕ ಹಾಗೇ ನೇತಾಡುತ್ತಿತ್ತು. ಆಮೇಲೆ ಒಂದು ಜೂನ್ ತಿಂಗಳಲ್ಲಿ ಐದನೇ ಕ್ಲಾಸಿನ ಹುಡುಗಿಯೊಬ್ಬಳು ಬರೆದಳು: "ಬಾವುಟದ ಕಂಬದ ನೆರಳು ಆಗ ಕೊಠಡಿ ಕಡೆ ಬೀಳ್ತಿತ್ತು, ಈಗ ಗೇಟಿನ ಕಡೆ ಬೀಳ್ತಿದೆ. ಕಂಬ ವಾಲಿದೆಯಾ?"

ನಮ್ಮ ಶಾಲೆಯಲ್ಲಿ ಗೇಟು ದಕ್ಷಿಣಕ್ಕಿದೆ, ಕೊಠಡಿಗಳು ಉತ್ತರಕ್ಕಿವೆ. ನನಗೆ ಕಾರಣ ಗೊತ್ತಿತ್ತು. ಹೇಳಿಬಿಟ್ಟಿದ್ದರೆ ಎರಡು ನಿಮಿಷದ ಕೆಲಸ. ಆದರೆ ಕಂಬ ವಾಲಿದೆಯೋ ಇಲ್ಲವೋ ಅನ್ನೋದನ್ನ ಮೊದಲು ನೋಡಬೇಕಲ್ಲ? ಗಾರೆ ಕೆಲಸದ ಅಪ್ಪನಿರುವ ಹುಡುಗ ತೂಗುಗುಂಡು ತಂದ. ಕಂಬ ನೆಟ್ಟಗೇ ಇತ್ತು. ಹಾಗಾದರೆ ಸರಿದದ್ದು ಸೂರ್ಯ. ಮೀಟರ್ ಉದ್ದದ ಒಂದು ಕೋಲನ್ನು ಅಂಗಳದಲ್ಲಿ ನೆಟ್ಟು, ಹನ್ನೊಂದೂಮುಕ್ಕಾಲರಿಂದ ಒಂದು ಗಂಟೆಯವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಕಲ್ಲಿಟ್ಟೆವು. ಮೋಡ ಬಂದಾಗ ಕಾಯುವುದು, ಬಿಸಿಲು ಬಂದಾಗ ಓಡುವುದು. ಆರಿದ್ರಾ ಮಳೆ ಹುಟ್ಟುವ ಹೊತ್ತಿಗೆ, ಅಂದರೆ ಜೂನ್ 21ರ ಆಸುಪಾಸಿನಲ್ಲಿ, ಅತಿ ಚಿಕ್ಕ ನೆರಳು ಸುಮಾರು 18 ಸೆಂಟಿಮೀಟರ್ ಬಂತು. ಬಿದ್ದದ್ದು ದಕ್ಷಿಣಕ್ಕೆ. ಡಿಸೆಂಬರ್ ಕೊನೆಗೆ ಅದೇ ಕೋಲಿನ ನೆರಳು ಉತ್ತರಕ್ಕೆ ಬಿತ್ತು, 75 ಸೆಂಟಿಮೀಟರಿನಷ್ಟು ಉದ್ದ.

ಇಷ್ಟರಲ್ಲಿ ಇನ್ನೊಂದು ತಕರಾರು ಎದ್ದಿತ್ತು. ನೆರಳು ಅತಿ ಚಿಕ್ಕದಾಗಬೇಕಾದ್ದು ಸರಿಯಾಗಿ ಹನ್ನೆರಡಕ್ಕೆ ತಾನೆ? ನಮ್ಮ ಕಲ್ಲುಗಳು ಹೇಳುತ್ತಿದ್ದುದು ಹನ್ನೆರಡೂ ಇಪ್ಪತ್ತೈದರ ಹತ್ತಿರ. "ಶಾಲೆ ಗಡಿಯಾರವೇ ಸರಿಯಿಲ್ಲ ಮಿಸ್" ಅಂದ ಒಬ್ಬ. ಮೊಬೈಲ್ ತೆಗೆದು ನೋಡಿದರೆ ಗಡಿಯಾರ ಸರಿಯಾಗಿಯೇ ಇದೆ. ಇದನ್ನು ಮಾತ್ರ ಅಂಗಳದಲ್ಲಿ ಕಂಡುಕೊಳ್ಳಲು ಆಗುವುದಿಲ್ಲ, ಭೂಪಟ ಬೇಕು. ಭಾರತಕ್ಕೆಲ್ಲ ಒಂದೇ ಸಮಯ, ಅದು 82.5 ಡಿಗ್ರಿ ಪೂರ್ವ ರೇಖಾಂಶದ್ದು, ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುವ ಗೆರೆ. ನಾವಿರುವುದು 76.5 ಡಿಗ್ರಿಯ ಹತ್ತಿರ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ. ಆರು ನಾಲ್ಕಲಿ ಇಪ್ಪತ್ತನಾಲ್ಕು. ಮಗ್ಗಿ ಅಂದರೆ ಮುಖ ಸಿಂಡರಿಸುತ್ತಿದ್ದ ಹುಡುಗನೇ ಅಂದು ಮೊದಲು ಕೂಗಿ ಹೇಳಿದ್ದು. ಆಮೇಲೆ ನವೆಂಬರ್ ಮೊದಲ ವಾರದಲ್ಲಿ ಅಳೆದಾಗ ಆ ಅತಿ ಚಿಕ್ಕ ನೆರಳಿನ ಹೊತ್ತು ಹನ್ನೆರಡೂ ಹತ್ತರೊಳಗೇ ಬಂದುಬಿಟ್ಟಿತು. ಫೆಬ್ರವರಿ ನಡುವೆ ಹನ್ನೆರಡೂವರೆ ದಾಟಿತು. ಭೂಮಿಯ ಓರೆಯೂ ಅದರ ದಾರಿ ಪೂರ್ತಿ ದುಂಡಗಿಲ್ಲದಿರುವುದೂ ಸೇರಿ ಹೀಗೆ ಮಾಡುತ್ತವೆ ಅಂತಷ್ಟೇ ಹೇಳಿದೆ. ಆರನೇ ಕ್ಲಾಸಿಗೆ ಅದಕ್ಕಿಂತ ಹೆಚ್ಚು ಬೇಕಿಲ್ಲ ಅಂತ ನನ್ನ ಅಂದಾಜು.

ಮಳೆ ನಕ್ಷತ್ರವನ್ನು ಎಳೆದು ತಂದದ್ದು ನಾನಲ್ಲ, ಆ ಹುಡುಗಿಯ ತಾತ. ಮೊಮ್ಮಗಳು ನೆರಳು ಅಳೆಯುವ ಕಥೆ ಹೇಳಿದ್ದಕ್ಕೆ, ಮಳೆ ಹುಟ್ಟುವ ದಿನಗಳನ್ನೂ ಪಕ್ಕದಲ್ಲಿ ಬರೆದುಕೊಳ್ಳಿ ಅಂದರಂತೆ. ಗೋಡೆ ಕ್ಯಾಲೆಂಡರಿನಲ್ಲಿ ಅಚ್ಚಾಗಿರುತ್ತಲ್ಲ, ಅದನ್ನು ನೋಡಿ ಮಕ್ಕಳು ಬರೆದರು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ, ಇಪ್ಪತ್ತೇಳು ನಕ್ಷತ್ರಕ್ಕೆ ಒಂದು ವರ್ಷ. ನಮ್ಮೂರಲ್ಲಿ ನೆತ್ತಿಯ ಮೇಲೆ ಸೂರ್ಯ ಬಂದು ನೆರಳೇ ಇಲ್ಲದಂತಾಗುವುದು ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ 17ರ ಹೊತ್ತಿಗೆ ಇನ್ನೊಮ್ಮೆ. ಮೊದಲನೆಯದಕ್ಕೆ ಬೇಸಿಗೆ ರಜೆ. ಎರಡನೆಯದು ಸ್ವಾತಂತ್ರ್ಯ ದಿನಾಚರಣೆ ಮುಗಿಸಿದ ಎರಡು ದಿನಕ್ಕೇ ಬರುತ್ತದೆ, ಮಘೆ ಮಳೆ ಹುಟ್ಟುವುದೂ ಆಗಲೇ. "ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು" ಅನ್ನುವ ಗಾದೆಯನ್ನು ತಾತನಿಂದ ಕೇಳಿ ಬರೆದುಕೊಂಡವರೇ ಅದರ ಕೆಳಗೆ "ನೆರಳು: 0" ಅಂತ ಬರೆದರು. ಈ ಎರಡು ಲೆಕ್ಕ ಹೀಗೆ ಒಂದೇ ದಿನಕ್ಕೆ ಕೂಡುವುದು ನಮ್ಮ ಕಾಲಕ್ಕೆ ಮಾತ್ರ. ನಕ್ಷತ್ರದ ದಿನಾಂಕ ಸುಮಾರು 70 ವರ್ಷಕ್ಕೆ ಒಂದು ದಿನ ಮುಂದೆ ಸರಿಯುತ್ತಾ ಹೋಗುತ್ತದೆ, ನೆರಳಿನ ದಿನ ಸರಿಯುವುದಿಲ್ಲ.

ಹೀಗೆ ಮಾಡುತ್ತಾ ಕೂತರೆ ಪಾಠ ಮುಗಿಸೋದು ಯಾವಾಗ ಅಂತ ಜೊತೆಯ ಶಿಕ್ಷಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಎಲ್ಲ ಪ್ರಶ್ನೆಯ ಬೆನ್ನೂ ನಾವು ಹತ್ತುವುದಿಲ್ಲ. ವರ್ಷಕ್ಕೆ ಎರಡೋ ಮೂರೋ ದೊಡ್ಡ ಪ್ರಶ್ನೆ ಹಿಡಿದರೆ ಸಾಕು. ಬೆಳಕು ನೆರಳಿನ ಪಾಠ ಬಂದಾಗ ನಾನು ಕಪ್ಪುಹಲಗೆಯ ಮೇಲೆ ಹೆಚ್ಚು ಬರೆಯಬೇಕಾಗಿಯೇ ಬರಲಿಲ್ಲ.

ಆದರೆ "ನೀನೇ ಹುಡುಕು" ಅನ್ನುವುದನ್ನು ವ್ರತ ಮಾಡಿಕೊಂಡವರನ್ನು ಕಂಡರೆ ನನಗಾಗದು. ಕೆಲವು ಪ್ರಶ್ನೆಗೆ ಆ ಕ್ಷಣವೇ, ನೇರವಾಗಿ ಉತ್ತರ ಹೇಳಬೇಕು. "ಹಾವು ಕಚ್ಚಿದ ಕಡೆ ಕಲ್ಲಿಟ್ಟರೆ ವಿಷ ಎಳೆಯುತ್ತಾ?" ಅಂತ ಒಂದು ದಿನ ಪುಸ್ತಕದಲ್ಲಿತ್ತು. ಎಳೆಯುವುದಿಲ್ಲ. ಬಿಗಿಯಾಗಿ ಕಟ್ಟಬಾರದು, ಕುಯ್ಯಬಾರದು, ಕೈಕಾಲು ಆಡಿಸದೆ ಮಲಗಿಸಿ ಆಸ್ಪತ್ರೆಗೆ ಒಯ್ಯಬೇಕು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಸೇರಿ ಮಾಡಿದ ಔಷಧ ಅಲ್ಲಿರುತ್ತದೆ. ಆ ದಿನದ ಪಾಠ ನಿಲ್ಲಿಸಿ ಇದನ್ನು ಎಲ್ಲರ ಬಾಯಲ್ಲೂ ಹೇಳಿಸಿದೆ. ಮುಟ್ಟಿನ ಬಗ್ಗೆ ಏಳನೇ ಕ್ಲಾಸಿನ ಹುಡುಗಿಯರು ಬರೆಯುವ ಪ್ರಶ್ನೆಗಳೂ ಅಷ್ಟೇ, ಭಯ ಅನ್ನೋದು ಸಂಶೋಧನೆಗೆ ಕಾಯುವುದಿಲ್ಲ. ಇನ್ನೊಂದು ಸಲ ಹೆಸರಿಲ್ಲದೆ, ಪೆನ್ಸಿಲಿನಲ್ಲಿ, ಪುಟದ ಮೂಲೆಯಲ್ಲಿ ಬರೆದಿತ್ತು: "ನಮ್ಮ ಬೀದಿಯೋರು ಯಾಕೆ ಗುಡಿಯಿಂದ ಹೊರಗೇ ನಿಲ್ಲಬೇಕು?" ಅಕ್ಷರ ನೋಡಿದರೆ ಯಾರದೆಂದು ಗೊತ್ತಾಗುತ್ತಿತ್ತು, ನಾನು ಕೇಳಲಿಲ್ಲ. ನಿಲ್ಲಬೇಕಾಗಿಲ್ಲ, ನಿಲ್ಲಿಸುವುದು ತಪ್ಪು, ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ, ಆಚರಿಸಿದರೆ ಶಿಕ್ಷೆಯಿದೆ ಅಂತ ಇಡೀ ತರಗತಿಗೆ ಓದಿ ಹೇಳಿದೆ. ವಾರದೊಳಗೆ ಊರಿನ ಒಂದಿಬ್ಬರು ಬಂದು "ಮಕ್ಕಳಿಗೆ ಇದನ್ನೆಲ್ಲ ಯಾಕೆ ಹೇಳ್ತೀರಿ ಮೇಡಂ?" ಅಂದರು. ಮುಖ್ಯೋಪಾಧ್ಯಾಯರು ಅವರಿಗೆ ಕುರ್ಚಿ ಹಾಕಿ, ಸಮಾಜ ವಿಜ್ಞಾನದ ಪುಸ್ತಕ ತೆಗೆದು ಕೈಗೆ ಕೊಟ್ಟರು. ಮತ್ತೆ ಬರಲಿಲ್ಲ.

ಈಗ ಕಾಯಿಯ ವಿಷಯ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವುದು ಹೇಗೆಂದು ಹೊರಗಿನವರಿಗೆ ಹೇಳಬೇಕು. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತಾರೆ. ಎಂಟು ತಿಂಗಳಿಂದ ವರ್ಷದವರೆಗೆ ಅಲ್ಲೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕಾಯಿ ಒಣಗಿ, ಕರಟ ಬಿಟ್ಟು ಗಿಟುಕಾಗುತ್ತದೆ. ಆಮೇಲೆ ಸುಲಿದು, ಕರಟ ಒಡೆದು, ಇಡೀ ಉಂಡೆಯನ್ನು ತಿಪಟೂರಿನ ಹರಾಜಿಗೆ ಒಯ್ಯುತ್ತಾರೆ. ಅಲ್ಲಿಂದ ಉತ್ತರ ಭಾರತಕ್ಕೆ ಹೋಗುತ್ತದೆ. ನಮ್ಮ ಮಕ್ಕಳು ಹುಟ್ಟಿದಾಗಿನಿಂದ ಈ ಅಟ್ಟದ ಕೆಳಗೇ ಮಲಗಿದವರು. ಹಾಗಿದ್ದೂ ಯಾರೂ ಕೇಳಿರದ ಪ್ರಶ್ನೆಯನ್ನು ಆರನೇ ಕ್ಲಾಸಿನ ಹುಡುಗ ಬರೆದ: "ಕಾಯಿಗೆ ತೂತೇ ಇಲ್ಲ. ನೀರು ಎಲ್ಲಿಗೆ ಹೋಯ್ತು?"

ಇದನ್ನು ಓದಿ ಹೇಳಿದ ದಿನ ತರಗತಿ ಎರಡು ಪಕ್ಷವಾಯಿತು. "ಕಾಯೇ ನೀರು ಕುಡಿದುಬಿಡುತ್ತೆ" ಅನ್ನುವವರು ಒಂದು ಕಡೆ, "ಹೊರಗೆ ಹೋಗುತ್ತೆ" ಅನ್ನುವವರು ಇನ್ನೊಂದು ಕಡೆ. ಹೊರಗೆ ಹೋಗುವುದು ಹೇಗೆ ಅಂದಿದ್ದಕ್ಕೆ ಒಬ್ಬಳು "ಮಡಕೆಗೂ ತೂತಿಲ್ಲ, ಹೊರಗೆ ಒದ್ದೆ ಇರಲ್ವಾ?" ಅಂದಳು. ಯಾರು ಸರಿ ಅಂತ ತೀರ್ಮಾನಿಸೋದು ಹೇಗೆ? ಸ್ವಲ್ಪ ಹೊತ್ತು ಗಲಾಟೆ. ಕೊನೆಗೆ ಹಿಂದಿನ ಸಾಲಿನಿಂದ ಏಳನೇ ಕ್ಲಾಸಿನ ಒಬ್ಬಳು ಎದ್ದು ನಿಂತು ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ: "ಕಾಯಿ ಕುಡಿದ್ರೆ ತೂಕ ಹಂಗೇ ಇರಬೇಕು ಮಿಸ್. ಹೊರಗೆ ಹೋದ್ರೆ ಕಮ್ಮಿ ಆಗಬೇಕು."

ಬಿಸಿಯೂಟದ ಅಡುಗೆಮನೆಯಲ್ಲಿ ಅಕ್ಕಿ ಬೇಳೆ ತೂಗುವ ಯಂತ್ರ ಇತ್ತು. ಅಡುಗೆಯ ಅಕ್ಕ ಮೊದಲು ಗೊಣಗಿದರು, ಆಮೇಲೆ ನಮಗಿಂತ ಹೆಚ್ಚಾಗಿ ಅವರೇ ತೂಕದ ದಿನ ನೆನಪಿಡತೊಡಗಿದರು. ಕಾಯಿಗೆ ಇದ್ದಿಲಿನಲ್ಲಿ ಗುರುತು ಹಾಕಿ, ತಿಂಗಳಿಗೊಮ್ಮೆ ತೂಗಿ ಬರೆದರು. ಪ್ರತಿ ಸಲವೂ ತೂಕ ಇಳಿಯಿತು. ಹೊರಗಿನ ಪಕ್ಷದವರು ಕುಣಿದರು. ಸೋಲುತ್ತಿದ್ದ ಪಕ್ಷದವನೊಬ್ಬ ಸುಮ್ಮನಿರಲಿಲ್ಲ: "ಸಿಪ್ಪೆನೂ ಒಣಗ್ತಿದೆಯಲ್ಲ? ಕಮ್ಮಿ ಆದದ್ದು ಸಿಪ್ಪೆ ನೀರಿರಬೋದು." ಪಕ್ಕಾ ಮಾತು. ಇಷ್ಟು ಒಳ್ಳೆಯ ಆಕ್ಷೇಪಣೆ ನನಗೇ ಹೊಳೆದಿರಲಿಲ್ಲ. ಸರಿ, ಇನ್ನೊಂದು ಕಾಯಿಯನ್ನು ಪೂರ್ತಿ ಸುಲಿದು, ಬರೀ ಕರಟದ ಕಾಯಿಯಾಗಿ ತೂಗತೊಡಗಿದೆವು. ಅದರ ತೂಕವೂ ಇಳಿಯುತ್ತಾ ಬಂತು. ಹಾಗೆ ಇಳಿಯುತ್ತಿದ್ದದ್ದು ಒಂದು ದಿನ ಬೀರುವಿನೊಳಗೇ ಚಟ್ಟಂತ ಸೀಳು ಬಿಟ್ಟಿತು, ಆಮೇಲೆ ಬೂಷ್ಟು ಹಿಡಿದು ನಾರತೊಡಗಿತು. ಎಸೆಯಲು ಹೊರಟಾಗ ಮೊದಲು ಪ್ರಶ್ನೆ ಬರೆದಿದ್ದ ಹುಡುಗ ತಡೆದ. "ಅದಕ್ಕೇ ನಮ್ಮಪ್ಪ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕೋದು!" ನಿಧಾನವಾಗಿ ಒಣಗಬೇಕು, ಬೇಗ ಒಣಗಿದರೆ ಸೀಳುತ್ತೆ. ಅವನು ಕೇಳಿರದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು, ಅದನ್ನು ಬಲಗಡೆ ಪುಟದಲ್ಲಿ ಮೊದಲು ಬರೆದ.

ಇದರ ನಡುವೆ ಮಕ್ಕಳನ್ನು ನೆರಳಿನ ಹುಡುಗಿಯ ಮನೆ ಅಟ್ಟಕ್ಕೆ ಕರೆದುಕೊಂಡು ಹೋಗಿದ್ದೆ. ತಾತ ಒಂದೊಂದೇ ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ ಮಕ್ಕಳ ಕೈಗೆ ಕೊಟ್ಟರು. ಹೊಸದರಲ್ಲಿ ಗುಳುಕ್ ಗುಳುಕ್. ನಡುವಿನದರಲ್ಲಿ ಸದ್ದೇ ಇಲ್ಲ, ನೀರು ಹೋಗಿದೆ, ಕಾಯಿ ಇನ್ನೂ ಕರಟಕ್ಕೆ ಅಂಟಿಕೊಂಡಿದೆ. ಹಳೆಯದರಲ್ಲಿ ಗಡಗಡ. ಕಣ್ಣು ಮುಚ್ಚಿಸಿ, ಕಾಯಿ ಯಾವ ತಿಂಗಳಿನದು ಅಂತ ಹೇಳಿಸುವ ಆಟ ಆಡಿಸಿದರು. ತಾತ ಶಾಲೆ ಮೆಟ್ಟಿಲು ಹತ್ತಿದವರಲ್ಲ. "ನೀರು ಹೋಗೋದು ಯಾವ ದಾರಿಲಿ ತಾತ?" ಅಂತ ಒಬ್ಬ ಕೇಳಿದ್ದಕ್ಕೆ ಅವರು ಕಾಯಿ ತಿರುಗಿಸಿ ಮೂರು ಕಣ್ಣಿರುವ ಕಡೆ ತೋರಿಸಿ, "ಇಲ್ಲಿಂದ ಇರಬೋದು, ಮೆತ್ತಗಿರೋದು ಇದೇ ತಾನೆ. ನೀವೇ ನೋಡಿ" ಅಂದರು.

ಈ ವರ್ಷ ಅದನ್ನೇ ನೋಡುತ್ತಿದ್ದೇವೆ. ಪೂರ್ತಿ ಸುಲಿದರೆ ಸೀಳುತ್ತೆ ಅಂತ ಗೊತ್ತಿರುವುದರಿಂದ, ಕಣ್ಣಿನ ಮೇಲಿನ ನಾರನ್ನಷ್ಟೇ ಎರಡು ಕಾಯಿಯಲ್ಲಿ ಬಿಡಿಸಿದ್ದಾರೆ. ಒಂದಕ್ಕೆ ಮೇಣದಬತ್ತಿ ಕರಗಿಸಿ ಮೂರು ಕಣ್ಣಿಗೂ ಮೇಣ ಹಾಕಿದ್ದಾರೆ, ಇನ್ನೊಂದಕ್ಕೆ ಇಲ್ಲ. ಮೇಣ ಹಾಕಿದ ಹುಡುಗ ಏಳನೇ ಕ್ಲಾಸು ಮುಗಿಸಿ ಪಕ್ಕದೂರಿನ ಹೈಸ್ಕೂಲಿಗೆ ಹೋದ. ಶನಿವಾರ ಬೆಳಗಿನ ಸ್ಕೂಲು ಬಿಟ್ಟಮೇಲೆ ಸೈಕಲ್ ತುಳಿದುಕೊಂಡು ಬಂದು, ನಮ್ಮ ಮಕ್ಕಳು ಬರೆದ ತೂಕವನ್ನು ನಂಬದೆ ಇನ್ನೊಂದು ಸಲ ತಾನೇ ತೂಗಿ ಹೋಗುತ್ತಾನೆ.