ತಾರಸಿ ಮೇಲೆ ಸೋಲಾರ್: ದುಡ್ಡು ಹಾಕುವ ಮುನ್ನ ಲೆಕ್ಕ ಹಾಕಿ

ಸೋಲಾರ್ ಕಂಪನಿಯವರು ಬಂದರೆ ಸೀದಾ ತಾರಸಿ ಹತ್ತಿ ಟೇಪು ಹಿಡಿಯುತ್ತಾರೆ. ನೀವು ಶುರು ಮಾಡಬೇಕಾದದ್ದು ಕರೆಂಟ್ ಬಿಲ್ಲಿನಿಂದ.

1. ಬಿಲ್ ಏನು ಹೇಳುತ್ತದೆ?

ಹಿಂದಿನ 12 ತಿಂಗಳ ಬೆಸ್ಕಾಂ ಬಿಲ್‌ಗಳ ಯೂನಿಟ್ ಕೂಡಿಸಿ ಸರಾಸರಿ ತೆಗೆಯಿರಿ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಬಹುದು. ಉಳಿಸಲು ದುಡ್ಡೇ ಇಲ್ಲ. ಬಾಡಿಗೆ ಮನೆಗಳಿರುವ ಕಟ್ಟಡವಾದರೆ ನಿಮ್ಮ ಆರ್‌ಆರ್ ಸಂಖ್ಯೆಯ (ಬಿಲ್‌ನಲ್ಲಿರುವ ಸಂಪರ್ಕ ಸಂಖ್ಯೆ) ಬಳಕೆಯನ್ನಷ್ಟೇ ಹಿಡಿಯಿರಿ. ಬಾಡಿಗೆದಾರರ ಮೀಟರ್‌ಗಳು ಬೇರೆ, ಅವರ ಉಳಿತಾಯ ನಿಮ್ಮದಲ್ಲ. ತಿಂಗಳಿಗೆ 300 ಯೂನಿಟ್ ದಾಟುವವರಿಗೆ ಮುಂದಿನ ಲೆಕ್ಕ ಕೂಡಿಬರುತ್ತದೆ. 200ರ ಆಚೀಚೆ ಇರುವವರು ಮೊದಲು ಗೀಸರ್, ಹಳೇ ಫ್ರಿಜ್ ಕಡೆ ನೋಡುವುದು ಮೇಲು.

2. ಎಷ್ಟು ಕಿಲೋವ್ಯಾಟ್?

ಬೆಂಗಳೂರಿನಲ್ಲಿ 1 ಕಿಲೋವ್ಯಾಟ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಮಾರ್ಚ್‌ನಲ್ಲಿ ಹೆಚ್ಚು, ಮೋಡ ಕವಿದ ಜುಲೈ-ಆಗಸ್ಟ್‌ನಲ್ಲಿ ಕಡಿಮೆ. 3 ಕಿಲೋವ್ಯಾಟ್‌ಗೆ 540 ವ್ಯಾಟ್‌ನ 6 ಪ್ಯಾನೆಲ್, ಸುಮಾರು 300 ಚದರ ಅಡಿ ಬಿಸಿಲು ಜಾಗ ಬೇಕು. ಬಳಕೆಗಿಂತ ದೊಡ್ಡದು ಬೇಡ: ಗ್ರಿಡ್‌ಗೆ, ಅಂದರೆ ಬೆಸ್ಕಾಂ ಲೈನಿಗೆ, ಹೋದ ಹೆಚ್ಚುವರಿ ಯೂನಿಟ್‌ಗೆ ಸಿಗುವ ದರ, ನೀವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ.

3. ನೆರಳು

30×40 ಸೈಟುಗಳಲ್ಲಿ ಲೆಕ್ಕ ತಲೆಕೆಳಗಾಗುವುದು ಇಲ್ಲೇ. ಓವರ್‌ಹೆಡ್ ಟ್ಯಾಂಕ್, ಮೆಟ್ಟಿಲ ಕೋಣೆ, ಪಕ್ಕದವರ ನಾಲ್ಕನೇ ಮಹಡಿ, ತೆಂಗಿನ ಮರ ಎಲ್ಲವೂ ಬಿಸಿಲು ಕದಿಯುತ್ತವೆ. ಪ್ಯಾನೆಲ್‌ಗಳು ಸಾಲಾಗಿ ಜೋಡಣೆಯಾಗಿರುವುದರಿಂದ ಒಂದರ ಮೂಲೆಗೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಇಳಿಯಬಹುದು. ಏಪ್ರಿಲ್ ಮಧ್ಯಾಹ್ನ ನೋಡಿ ಒಪ್ಪಬೇಡಿ, ಆಗ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಡಿಸೆಂಬರ್‌ನಲ್ಲಿ ಅವನು ದಕ್ಷಿಣಕ್ಕೆ ವಾಲಿದಾಗ 10 ಅಡಿ ಎತ್ತರದ ಟ್ಯಾಂಕ್‌ನ ನೆರಳು ನಡುಹಗಲಲ್ಲೂ ಉತ್ತರಕ್ಕೆ ಏಳೂವರೆ ಅಡಿ ಚಾಚುತ್ತದೆ, ಬೆಳಿಗ್ಗೆ 9ಕ್ಕೆ ಸುಮಾರು 17 ಅಡಿ. ದಕ್ಷಿಣಕ್ಕೆ ಮುಖ ಮಾಡಿ 10ರಿಂದ 15 ಡಿಗ್ರಿ ಓರೆಯಾಗಿ ಕೂರಿಸಲು ಜಾಗವಿದೆಯೇ ನೋಡಿ. ನೆರಳು ತಪ್ಪಿಸಲು ಎತ್ತರದ ಕಬ್ಬಿಣದ ಚೌಕಟ್ಟು ಹಾಕಬಹುದು, ಆದರೆ ಖರ್ಚು ಏರುತ್ತದೆ.

4. ಲೆಕ್ಕ

3 ಕಿಲೋವ್ಯಾಟ್‌ಗೆ 2 ಲಕ್ಷ ರೂಪಾಯಿ ಕೊಟೇಶನ್ ಬಂದಿದೆ ಅನ್ನಿ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂ. ಸಬ್ಸಿಡಿ. ಅದಕ್ಕಿಂತ ದೊಡ್ಡದು ಹಾಕಿದರೂ ಇಷ್ಟೇ. ಕೈಯಿಂದ ಹೋಗುವುದು 1,22,000. ದೂಳು, ಮೋಡ ಕಳೆದು ವರ್ಷಕ್ಕೆ 4,000 ಯೂನಿಟ್, ತೆರಿಗೆ ಸೇರಿ ಯೂನಿಟ್‌ಗೆ 6.50 ರೂ. ಹಿಡಿದರೆ ಉಳಿತಾಯ 26,000. ಐದು ವರ್ಷದೊಳಗೆ ಅಸಲು ವಾಪಸ್. ಬಿಲ್‌ನ ನಿಗದಿತ ಶುಲ್ಕ ಮಾತ್ರ ಸೋಲಾರ್ ಇದ್ದರೂ ಕಟ್ಟಬೇಕು, ಅದನ್ನು ಉಳಿತಾಯಕ್ಕೆ ಸೇರಿಸಬೇಡಿ. ಪ್ಯಾನೆಲ್‌ಗೆ 25 ವರ್ಷದ ವಾರಂಟಿ ಇದ್ದರೂ, ಅದರ ಡಿಸಿ ಕರೆಂಟನ್ನು ಮನೆ ಬಳಕೆಯ ಎಸಿಗೆ ಬದಲಿಸುವ ಇನ್ವರ್ಟರ್ ಅಷ್ಟು ಬಾಳುವುದಿಲ್ಲ, ನಡುವೆ ಒಮ್ಮೆ ಬದಲಿಸುವ ದುಡ್ಡು ತೆಗೆದಿಡಿ. ಸಾಲ ಮಾಡಿದರೆ ಬಡ್ಡಿಯನ್ನೂ ಸೇರಿಸಿ.

5. ಕೊಟೇಶನ್ ಓದುವಾಗ

ಮಾಮೂಲಿ ಆನ್-ಗ್ರಿಡ್ ವ್ಯವಸ್ಥೆ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಇಲ್ಲದಿದ್ದರೆ ಲೈನ್ ರಿಪೇರಿಗೆ ಕಂಬ ಹತ್ತಿದವರಿಗೆ ಶಾಕ್ ಹೊಡೆದೀತು. ಪವರ್ ಕಟ್‌ಗೆ ಆಸರೆ ಬೇಕಿದ್ದರೆ ಬ್ಯಾಟರಿಯ ಹೈಬ್ರಿಡ್ ಬೇಕು, ಆಗ ಐದು ವರ್ಷದ ಲೆಕ್ಕ ಮರೆತುಬಿಡಿ. ಮನೆಯಲ್ಲಿರುವ ಯುಪಿಎಸ್ ಉಳಿಸಿಕೊಳ್ಳುವುದೇ ಅಗ್ಗ.

ಸಬ್ಸಿಡಿಗೆ ದೇಶದಲ್ಲೇ ತಯಾರಾದ ಸೆಲ್‌ಗಳ ಡಿಸಿಆರ್ ಪ್ಯಾನೆಲ್ ಕಡ್ಡಾಯ. ಆ ಮೂರಕ್ಷರ ಕೊಟೇಶನ್‌ನಲ್ಲಿರಲಿ. ಅರ್ತಿಂಗ್, ಸಿಡಿಲು ರಕ್ಷಕ, ತಾರಸಿಗೆ ತೂತು ಕೊರೆದಲ್ಲಿ ವಾಟರ್‌ಪ್ರೂಫಿಂಗ್ ಯಾರ ಖರ್ಚು ಎಂದು ಬರೆಸಿ. ತೊಳೆಯಲು ನಲ್ಲಿಯೂ ಹತ್ತಿರವಿರಲಿ. ಬೋರ್‌ವೆಲ್‌ನ ಗಡಸು ನೀರು ಒಣಗಿದರೆ ಗಾಜಿನ ಮೇಲೆ ಬಿಳಿ ಕಲೆ ಕೂರುತ್ತದೆ, ಕಾವೇರಿ ನೀರೇ ವಾಸಿ. ಗಾಜು ಕಾಯುವ ಮುನ್ನ ಬೆಳಿಗ್ಗೆಯೇ ತೊಳೆಯಿರಿ.

6. ಅರ್ಜಿ

ಸೂರ್ಯಘರ್ ಪೋರ್ಟಲ್‌ನಲ್ಲಿ ನೋಂದಾಯಿಸಿ, ಅಲ್ಲಿನ ಪಟ್ಟಿಯಲ್ಲಿರುವ ಏಜೆನ್ಸಿಯಿಂದಲೇ ಮಾಡಿಸಿ. ಎರಡೂ ಕಡೆಯ ಲೆಕ್ಕ ತೋರಿಸುವ ಮೀಟರ್ ಕೂತು ವ್ಯವಸ್ಥೆ ಚಾಲೂ ಆದ ಮೇಲಷ್ಟೇ ಸಬ್ಸಿಡಿ ಬ್ಯಾಂಕ್ ಖಾತೆಗೆ ಬರುತ್ತದೆ, ಹಾಗಾಗಿ ಪೂರ್ತಿ ಹಣ ಮೊದಲು ನಿಮ್ಮ ಕೈಯಲ್ಲಿರಬೇಕು. ಬಿಲ್ ಇನ್ನೂ ತೀರಿಹೋದ ತಂದೆಯ ಹೆಸರಲ್ಲೋ ಮನೆ ಮಾರಿದವರ ಹೆಸರಲ್ಲೋ ಇದ್ದರೆ, ಅರ್ಜಿಗೂ ಮೊದಲು ಬೆಸ್ಕಾಂ ಉಪವಿಭಾಗ ಕಚೇರಿಯಲ್ಲಿ ಹೆಸರು ಬದಲಾಯಿಸಿಕೊಳ್ಳಿ.