ವಾಟ್ಸ್ಆ್ಯಪ್‌ನ ಕನ್ನಡ ಇಂಕ್‌ಸ್ಕೇಪ್‌ಗೆ: ಅಕ್ಷರ ಕೆಡದಂತೆ ಪೇಸ್ಟ್ ಮಾಡುವುದು ಹೇಗೆ?

ನಮ್ಮ ಕಾಸರಗೋಡಿನ ನೀರ್ಚಾಲು, ಬದಿಯಡ್ಕದ ಕಡೆ ಭಜನಾ ಮಂದಿರದ ವಾರ್ಷಿಕೋತ್ಸವ ಬಂತೆಂದರೆ ಆಮಂತ್ರಣ ಮಾಡುವ ಕೆಲಸ ಕಂಪ್ಯೂಟರ್ ಗೊತ್ತಿರುವವರ ತಲೆಗೆ ಬೀಳುತ್ತದೆ. ಸಮಿತಿಯವರು ವಿಷಯ ಕಳಿಸುವುದು ವಾಟ್ಸ್ಆ್ಯಪ್‌ನಲ್ಲಿ. ನಾನು ಡಿಸೈನ್ ಮಾಡುವುದು ಇಂಕ್‌ಸ್ಕೇಪ್ ಎಂಬ ಸಾಫ್ಟ್‌ವೇರಿನಲ್ಲಿ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಯೂನಿಕೋಡ್ ಕನ್ನಡವನ್ನೂ (ಈಗ ಮೊಬೈಲ್, ಕಂಪ್ಯೂಟರ್ ಎಲ್ಲದರಲ್ಲೂ ಓಡುವ ಕನ್ನಡ) ಸರಿಯಾಗಿ ತೋರಿಸುತ್ತದೆ. ಎಡವಟ್ಟಾಗುವುದು ಇವೆರಡರ ನಡುವೆ.

ಮೊದಲು ನೋಟ್‌ಪ್ಯಾಡ್ ತೆರೆದು ಕಾಪಿ ಮಾಡಿದ್ದನ್ನು ಅದರಲ್ಲಿ ಪೇಸ್ಟ್ ಮಾಡಿ. ನಾಲ್ಕೈದು ಮೆಸೇಜ್ ಒಟ್ಟಿಗೆ ಕಾಪಿ ಮಾಡಿದರೆ ಕಳಿಸಿದವರ ಹೆಸರು, ತಾರೀಕು, ಗಂಟೆ ಎಲ್ಲ ಜತೆಗೇ ಬರುತ್ತವೆ. ದಪ್ಪ ಅಕ್ಷರದ ನಕ್ಷತ್ರ ಚಿಹ್ನೆಗಳೂ ಉಳಿದಿರುತ್ತವೆ. ಇವನ್ನೆಲ್ಲ ಅಲ್ಲೇ ಅಳಿಸಿ, ಉಳಿದದ್ದನ್ನು ಮತ್ತೆ ಕಾಪಿ ಮಾಡಿ. ವರ್ಡ್‌ನಿಂದ ತರುವಾಗಲೂ ಇದೇ ದಾರಿ. ಇಲ್ಲದಿದ್ದರೆ ಕೆಲವೊಮ್ಮೆ ಅಕ್ಷರದ ಬದಲು ಚಿತ್ರವೇ ಬಂದು ಕೂತಿರುತ್ತದೆ, ತಿದ್ದಲು ಆಗುವುದಿಲ್ಲ.

ಈಗ ಇಂಕ್‌ಸ್ಕೇಪ್‌ನಲ್ಲಿ ಎಫ್8 ಒತ್ತಿ, ಟೆಕ್ಸ್ಟ್ ಟೂಲ್ ಬರುತ್ತದೆ. ಹಾಳೆಯ ಮೇಲೆ ಸುಮ್ನೆ ಕ್ಲಿಕ್ ಮಾಡಿ ಕಂಟ್ರೋಲ್-ವಿ ಒತ್ತಿದರೆ ಸಾಲು ತಾನಾಗಿ ಮುರಿಯುವುದಿಲ್ಲ, ಹಾಳೆ ದಾಟಿ ಓಡುತ್ತದೆ. ಶೀರ್ಷಿಕೆಗೆ ಅದು ಸಾಕು. ಉದ್ದದ ವಿಷಯಕ್ಕೆ ಮೌಸ್ ಎಳೆದು ಚೌಕ ಮಾಡಿ, ಅದರೊಳಗೆ ಪೇಸ್ಟ್ ಮಾಡಿ. ಚೌಕದ ಗೆರೆ ಕೆಂಪಾದರೆ ವಿಷಯ ಪೂರ್ತಿ ಹಿಡಿಸಿಲ್ಲ ಎಂದರ್ಥ. ಇದನ್ನು ಗಮನಿಸದೆ ಒಮ್ಮೆ ತಾಳಮದ್ದಳೆಯ ಭಾಗವತರ ಹೆಸರನ್ನೇ ಬಿಟ್ಟು ಪ್ರಿಂಟ್ ಕೊಟ್ಟಿದ್ದೆ!

ಜಾಸ್ತಿ ತಲೆ ತಿನ್ನುವುದು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಮಾಡಿದ ಹಳೆಯ ಫೈಲುಗಳು. ಹೋದ ಸಲದ ಆಮಂತ್ರಣದಿಂದ ನಾಲ್ಕು ಸಾಲು ಪೇಸ್ಟ್ ಮಾಡಿದರೆ ‘ಕನ್ನಡ’ ಎಂಬ ಪದದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡ್ ಚಿಹ್ನೆ ಕಾಣಿಸುತ್ತವೆ. ‘ಮಾಷ್ಟ್ರೇ, ಇದೆಂತ ಭಾಷೆ?’ ಎಂದು ಸಮಿತಿಯವರು ಕೇಳಿದ್ದುಂಟು. ಆ ಫೈಲಿನೊಳಗೆ ಇರುವುದೇ ಇಂಗ್ಲಿಷ್ ಅಕ್ಷರಗಳು. ನುಡಿ ಫಾಂಟ್ ಅವುಗಳ ಮೇಲೆ ಕನ್ನಡದ ತುಂಡುಗಳ ಚಿತ್ರ ಹಾಕಿತ್ತು ಅಷ್ಟೇ: ಪಿ ಎಂದರೆ ‘ಕ’ದ ದೇಹ, ಗೀಟಿನ ಎ ಎಂದರೆ ಅದರ ತಲೆಕಟ್ಟು. ಫಾಂಟ್ ಬದಲಾದ ಕೂಡಲೇ ವೇಷ ಕಳಚಿತು. ಆದ್ದರಿಂದ ಅದನ್ನು ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ಗೆ ಹಾಕಿ, ಆಮೇಲೆ ತನ್ನಿ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಓದಿ ನೋಡಿ. ಪಿಡಿಎಫ್‌ನಿಂದ ಕಾಪಿ ಮಾಡಿದ ಕನ್ನಡದ ಗುಣಿತಾಕ್ಷರಗಳೂ ಅದಲು ಬದಲಾಗುವುದುಂಟು. ಅದಕ್ಕಿಂತ ಹೊಸದಾಗಿ ಟೈಪ್ ಮಾಡುವುದೇ ಬೇಗ.

ಪೇಸ್ಟ್ ಆದ ಮೇಲೆ ಕಂಟ್ರೋಲ್-ಶಿಫ್ಟ್-ಟಿ ಒತ್ತಿ ಫಾಂಟ್ ಆರಿಸಿ. ಶೀರ್ಷಿಕೆಗೆ ಬಲೂ ತಮ್ಮ, ಒಳಗಿನ ವಿಷಯಕ್ಕೆ ನೋಟೊ ಸಾನ್ಸ್ ಕನ್ನಡ ನನ್ನ ಆಯ್ಕೆ. ಸಾಲಿನ ಅಂತರವನ್ನು ಇಂಗ್ಲಿಷಿಗಿಂತ ತುಸು ಹೆಚ್ಚಿಸಿ, ಒಂದೂವರೆಗೆ ಇಡಬಹುದು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ.

ಕಾಸರಗೋಡಿನಲ್ಲಿ ಮಲಯಾಳಂ ಸಾಲೂ ಇರುತ್ತದಲ್ವಾ? ಅದು ಕನ್ನಡ ಫಾಂಟಿನಲ್ಲಿ ಇಲ್ಲದ ಕಾರಣ ಇಂಕ್‌ಸ್ಕೇಪ್ ಕಂಪ್ಯೂಟರಿನಲ್ಲಿ ಸಿಕ್ಕಿದ ಬೇರೆ ಫಾಂಟ್ ತೊಡಿಸುತ್ತದೆ. ಆ ಸಾಲನ್ನಷ್ಟೇ ಆರಿಸಿ, ಮಂಜರಿಯಂಥ ಮಲಯಾಳಂ ಫಾಂಟ್ ಕೊಡಿ.

ಕೊನೆಗೆ ಪ್ರೆಸ್‌ಗೆ ಕಳಿಸುವ ಮೊದಲು ಎಲ್ಲವನ್ನೂ ಆರಿಸಿ ಪಾಥ್ ಮೆನುವಿನ ‘ಆಬ್ಜೆಕ್ಟ್ ಟು ಪಾಥ್’ ಒತ್ತಿ. ಅಕ್ಷರಗಳು ಗೆರೆಗಳಾಗುತ್ತವೆ, ಪ್ರೆಸ್‌ನವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೂ ಕೆಡುವುದಿಲ್ಲ. ಆದರೆ ಆಮೇಲೆ ಟೈಪ್ ಮಾಡಿ ತಿದ್ದಲು ಬರುವುದಿಲ್ಲ. ಅದಕ್ಕೇ ಮೊದಲು ಫೈಲನ್ನು ಬೇರೆ ಹೆಸರಿನಲ್ಲಿ ಸೇವ್ ಮಾಡಿ, ಪಾಥ್ ಮಾಡುವುದು ಆ ಪ್ರತಿಯಲ್ಲಿ ಮಾತ್ರ. ತಾಳಮದ್ದಳೆಯಲ್ಲಿ ಅರ್ಥ ಹೇಳುವ ಅರ್ಥಧಾರಿಯೊಬ್ಬರು ಬರುವುದಿಲ್ಲ, ಹೆಸರು ಬದಲಿಸಿ ಎಂದು ಸಮಿತಿಯಿಂದ ಫೋನ್ ಬರುವುದು ರಾತ್ರಿ ಹತ್ತರ ಮೇಲೆಯೇ.