ಮನೆ ಬದಿಯಡ್ಕ, ಬೇಸ್ ಬೆಂಗಳೂರು: ಹೊಸ ಕೋ-ಪೈಲಟ್ ಒಬ್ಬನ ಅನುಭವ

ಹೊಸದಾಗಿ ಸೇರಿದ ಕೋ-ಪೈಲಟ್ ತನ್ನ ಡ್ಯೂಟಿ ಶುರುವಾಗುವ ಊರಾದ ಬೇಸ್‌ನಲ್ಲೇ ಮನೆ ಮಾಡಬೇಕು, ಊರಿಂದ ಓಡಾಡಿದರೆ ಆರು ತಿಂಗಳಲ್ಲಿ ಸುಸ್ತಾಗಿ ಬೀಳುತ್ತಾನೆ ಅಂತ ನಮ್ಮ ಬ್ಯಾಚಿನಲ್ಲಿ ಹೇಳದವರಿಲ್ಲ. ಒಬ್ಬರು ಕ್ಯಾಪ್ಟನ್ ಅಂತೂ "ನಿನ್ನದು ಪೈಲಟ್ ಕೆಲಸವೋ, ಬಸ್ಸಿನ ಕ್ಲೀನರ್ ಕೆಲಸವೋ ಮಾರಾಯ?" ಎಂದು ಎಲ್ಲರೆದುರೇ ಕೇಳಿದರು. ಅದಾಗಿ ಎರಡು ಮಳೆಗಾಲ ಕಳೆಯಿತು. ಮನೆ ಇನ್ನೂ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲೇ ಇದೆ, ಡ್ಯೂಟಿಗೆ ಹಾಜರಾಗುವ ಒಂದು ರಿಪೋರ್ಟಿಂಗೂ ತಪ್ಪಿಲ್ಲ.

ಊರು ಬಿಡದ್ದು ಊರಿನ ಮೋಹದಿಂದಲ್ಲ, ದುಡ್ಡಿನ ಲೆಕ್ಕದಿಂದ. ಹೆಂಡತಿ ಇಲ್ಲಿನ ಅನುದಾನಿತ ಶಾಲೆಯೊಂದರಲ್ಲಿ ಕನ್ನಡ ಮಾಧ್ಯಮದ ಟೀಚರು; ಆ ಕೆಲಸ ಕೇರಳದ ಗಡಿ ತಲಪಾಡಿ ದಾಟಿ ವರ್ಗವಾಗುವಂಥದ್ದಲ್ಲ. ಸಿಪಿಎಲ್ ಎಂಬ ಪೈಲಟ್ ಲೈಸೆನ್ಸು, ಒಂದು ಮಾದರಿಯ ವಿಮಾನ ಹಾರಿಸಲು ಬೇಕಾದ ಟೈಪ್ ರೇಟಿಂಗ್ ಎಲ್ಲ ಸೇರಿ ಮುಕ್ಕಾಲು ಕೋಟಿ ದಾಟಿತ್ತು. ಅದರಲ್ಲಿ ಅರ್ಧದಷ್ಟು, ತೋಟ ಅಡವಿಟ್ಟು ತಂದ ಸಾಲ; ಕಂತು 60,000ದ ಆಚೆ ಈಚೆ. ಪ್ರಯಾಣಿಕರಿರುವ ವಿಮಾನದಲ್ಲೇ ಕೊಡುವ ಲೈನ್ ಟ್ರೈನಿಂಗ್ ಮುಗಿಯುವವರೆಗೆ ಕೈಗೆ ಬರುವುದು ಸ್ಟೈಪೆಂಡು, ಅದು ಕಂತಿಗೇ ಸಾಲುತ್ತಿರಲಿಲ್ಲ. ಯಲಹಂಕದಲ್ಲಿ ಒಂದು ಫ್ಲ್ಯಾಟಿಗೆ 25,000, ಮೇಲೆ ಹತ್ತು ತಿಂಗಳ ಅಡ್ವಾನ್ಸ್ ಕೇಳಿದರೆ ಎಲ್ಲಿಂದ ತರುವುದು?

ಮೊದಲು ಎಲ್ಲರಂತೆ ಸ್ಟಾಫ್ ಟಿಕೆಟ್ ಹಿಡಿದು ಹೋಗಲೂ ಬರಲೂ ವಿಮಾನವನ್ನೇ ನಂಬಿದೆ. ಸಬ್‌ಲೋಡ್ ಟಿಕೆಟಿನ ಹಣೆಬರಹ ಏನೆಂದರೆ, ಕೊನೆಗೆ ಸೀಟು ಉಳಿದರೆ ಮಾತ್ರ ನಮಗೆ. ಬಜಪೆಯ ಮಂಗಳೂರು ಏರ್‌ಪೋರ್ಟಿನ ಕೌಂಟರಿನ ಪಕ್ಕ ಯೂನಿಫಾರ್ಮ್ ಬ್ಯಾಗು ಹಿಡಿದು ನಿಂತಿರುತ್ತೇನೆ, ಇನ್ನೇನು ಮುಚ್ಚಬೇಕು ಎನ್ನುವಾಗ ಒಂದು ಮದುವೆ ದಿಬ್ಬಣ ಓಡಿ ಬರುತ್ತದೆ, ನನ್ನ ಸೀಟು ಹೋಯಿತು. ಕಾಕ್‌ಪಿಟ್ಟಿನ ಹೆಚ್ಚುವರಿ ಸೀಟಾದ ಜಂಪ್ ಸೀಟೂ ಯಾವಾಗಲೂ ಸಿಗುವುದಿಲ್ಲ. ಮಳೆಗಾಲದಲ್ಲಿ ಗುಡ್ಡದ ತಲೆಯ ಮೇಲಿರುವ ಬಜಪೆಯ ಟೇಬಲ್‌ಟಾಪ್ ರನ್‌ವೇ ಮೇಲೆ ಮೋಡ ಕೂತರೆ ಮುಗಿಯಿತು. ಒಮ್ಮೆ ಮುಕ್ಕಾಲು ಗಂಟೆ ಮೇಲೆಯೇ ಸುತ್ತಿ ಮತ್ತೆ ಬೆಂಗಳೂರಿಗೇ ಬಂದಿಳಿದೆವು. ರಜೆಯ ಮೊದಲ ರಾತ್ರಿ ಏರ್‌ಪೋರ್ಟಿನ ಕುರ್ಚಿಯಲ್ಲಿ ಕಳೆಯಿತು. ಮಟ್ಟನ್ನೂರಿನ ಕಣ್ಣೂರು ಏರ್‌ಪೋರ್ಟನ್ನೂ ಕೆಲವು ಸಲ ಪರೀಕ್ಷಿಸಿದೆ. ಸೀಟು ಸಿಗುತ್ತಿತ್ತು, ಆದರೆ ಅಲ್ಲಿಂದ ಮನೆಗೆ ಮುಟ್ಟುವಷ್ಟರಲ್ಲಿ ವಿಮಾನದಲ್ಲಿ ಉಳಿಸಿದ ಹೊತ್ತೆಲ್ಲ ರಸ್ತೆಯಲ್ಲಿ ಖರ್ಚು.

ಕೊನೆಗೆ ನಿಂತ ಕ್ರಮ ಇದು: ಡ್ಯೂಟಿಗೆ ಹೋಗುವಾಗ ರೈಲು, ಮನೆಗೆ ಬರುವಾಗ ವಿಮಾನ. ಹೋಗುವಾಗ ಬೇಕಾದ್ದು ಖಾತ್ರಿ, ಬರುವಾಗ ಅದೃಷ್ಟ ಸಾಕು. ಕಣ್ಣೂರು–ಬೆಂಗಳೂರು ಎಕ್ಸ್‌ಪ್ರೆಸ್ ಸಂಜೆ ಆರೂವರೆ ಹೊತ್ತಿಗೆ ಕಾಸರಗೋಡಿಗೆ ಬರುತ್ತದೆ, ಬೆಳಿಗ್ಗೆ ಏಳರೊಳಗೆ ಬೆಂಗಳೂರು. ತ್ರೀ ಟಯರ್ ಎಸಿಗೆ ಸಾವಿರದೊಳಗೆ. ಮೆಜೆಸ್ಟಿಕ್ಕಿನಿಂದ ಏರ್‌ಪೋರ್ಟಿನ ವಾಯು ವಜ್ರ ಬಸ್ಸು ಹತ್ತಿದರೆ ನಾವು ಕೆಲವರು ಹಂಚಿಕೊಂಡ ರೂಮು. ಸಕಲೇಶಪುರ ಘಾಟಿಯಲ್ಲಿ ರೈಲು ಏದುಸಿರು ಬಿಡುವಾಗ ಬಿದ್ದ ನಿದ್ರೆಯನ್ನು ವಿಶ್ರಾಂತಿಯ ಲೆಕ್ಕಕ್ಕೆ ನಾನು ಸೇರಿಸುವುದಿಲ್ಲ. ರೂಮಿನಲ್ಲಿ ಐದು ಗಂಟೆ ಮಲಗಿದ ಮೇಲೇ ಡ್ಯೂಟಿ. ಬೆಳಗಿನ ರಿಪೋರ್ಟಿಂಗ್ ಇದ್ದರೆ ಹಿಂದಿನ ದಿನದ ರೈಲು, ಅದರಲ್ಲಿ ರಾಜಿಯೇ ಇಲ್ಲ. ಡ್ಯೂಟಿ ಮುಗಿಸಿ ಬರುವಾಗ ಸೀಟು ಸಿಗದಿದ್ದರೆ ರಾತ್ರಿ ಒಂಬತ್ತೂವರೆಯ ರೈಲು ಇದ್ದೇ ಇದೆ.

ಇದಕ್ಕೆ ನಿಜವಾದ ಬಲ ಬಂದದ್ದು 2025ರ ಜುಲೈ 1ರಿಂದ ವಿಮಾನಯಾನದ ನಿಯಮ ಮಾಡುವ ಡಿಜಿಸಿಎ ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿದ ಮೇಲೆ. 36ರಲ್ಲಿ ಮನೆಗೆ ಮುಟ್ಟಿ, ಉಂಡು ಮಲಗಿ, ಎದ್ದು ಹೊರಡುವುದಷ್ಟೇ ಆಗುತ್ತಿತ್ತು. 48ರಲ್ಲಿ ಮಧ್ಯಾಹ್ನ ಡ್ಯೂಟಿ ಮುಗಿದರೆ ರಾತ್ರಿ ಊಟ ಮನೆಯಲ್ಲಿ, ಮರುದಿನ ರೈಲಿನ ಹೊತ್ತಿನವರೆಗೆ ಪೂರ್ತಿ ನನ್ನದು. ಪಕ್ಕದಲ್ಲಿ ಒಂದು ರಜೆ ಅಂಟಿಸಿಕೊಂಡರೆ ಎರಡು ರಾತ್ರಿ. ಅದನ್ನು ಅಂಟಿಸುವುದು ಹೇಗೆ, ಯಾರ ಜೊತೆ ಯಾವ ವಾರ ಡ್ಯೂಟಿ ಬದಲಿಸಿಕೊಂಡರೆ ರೋಸ್ಟರಿನವರು ತಕರಾರು ಮಾಡುವುದಿಲ್ಲ ಎನ್ನುವುದನ್ನು ಇಲ್ಲಿ ಬರೆಯಲಾರೆ. ಬರೆದರೆ ನಾಳೆಯಿಂದ ನನಗೇ ಸಿಗಲಿಕ್ಕಿಲ್ಲ. ಸ್ಟ್ಯಾಂಡ್‌ಬೈ ದಿನಗಳಲ್ಲಿ ಮಾತ್ರ ಊರಿನ ಯೋಚನೆಯೇ ಬೇಡ, ಫೋನು ಬಂದರೆ ಓಡುವಷ್ಟು ಹತ್ತಿರದಲ್ಲಿ ಇರಬೇಕು.

ರೂಮು ದೇವನಹಳ್ಳಿ ಕಡೆ, ಆರು ಜನ, ತಲಾ 6,500 ಚಿಲ್ಲರೆ. ಆರೂ ಜನ ಒಟ್ಟಿಗೆ ಇದ್ದದ್ದು ನನಗೆ ನೆನಪಿಲ್ಲ. ಹಗಲು ನಿದ್ರೆಗೆ ಕತ್ತಲೆ ಬೇಕಲ್ಲ, ಆನ್‌ಲೈನಿನಲ್ಲಿ ತರಿಸಿದ ದಪ್ಪ ಪರದೆಯ ಅಂಚಿನಿಂದ ಬೆಳಕು ಸೋರುತ್ತಿತ್ತು. ಮನೆಯಿಂದ ಅಡಿಕೆ ಅಂಗಳಕ್ಕೆ ಮುಚ್ಚುವ ಟಾರ್ಪಾಲಿನ ತುಂಡು ತಂದು ಕಿಟಕಿಗೆ ನಾಲ್ಕೂ ಬದಿ ಮೊಳೆ ಹೊಡೆದೆ. ಮೊದಲು ನಕ್ಕ ದೆಹಲಿಯ ಹುಡುಗ ಈಗ ತನ್ನ ಕೋಣೆಗೂ ಒಂದು ತುಂಡು ಕೇಳಿದ್ದಾನೆ.

ಮನೆಗೆ ಹೋದರೆ ಇನ್ನೊಂದು ಉಪದ್ರ ಇದೆ. ಮಗ ಬಳಲಿ ಬಂದ ಅಂತ ಅಮ್ಮ ದಶಮೂಲಾರಿಷ್ಟದ ಬಾಟಲಿ ಹಿಡಿದೇ ನಿಂತಿರುತ್ತಾರೆ. ಅರಿಷ್ಟದಲ್ಲಿ ತಾನಾಗಿ ಹುಟ್ಟುವ ಆಲ್ಕೊಹಾಲ್ ಇರುತ್ತದೆ, ಡ್ಯೂಟಿಗೆ ಮುಂಚೆ ಕುಡಿದಿಲ್ಲವೆಂದು ತೋರಿಸಲು ಮೆಷಿನ್ನಿಗೆ ಊದಬೇಕು. ಆ ಮೆಷಿನ್ನಿಗೆ ಅರಿಷ್ಟವೂ ಒಂದೇ, ರಮ್ಮೂ ಒಂದೇ. "ಔಷಧಿಗೂ ಬೇಡವಾ ಮಗಾ?" ಎಂದು ಅವರಿಗೆ ಬೇಜಾರು. ಈಗ ಜೀರಿಗೆ ಕಷಾಯಕ್ಕೆ ಒಪ್ಪಿಸಿದ್ದೇನೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೈಲನ್ನೂ ಪೂರ್ತಿ ನಂಬಬೇಡಿ. 2024ರ ಜುಲೈ ಕೊನೆಗೆ ಸಕಲೇಶಪುರ ಘಾಟಿಯ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜರಿದು ಎರಡು ವಾರದ ಹತ್ತಿರ ರೈಲೇ ಇರಲಿಲ್ಲ. ಆಗ ಸುಳ್ಯ–ಮಡಿಕೇರಿ–ಮೈಸೂರು ಬಸ್ಸು ಹಿಡಿದು ಒಂದು ದಿನ ಮೊದಲೇ ಹೊರಟೆ. ಸಂಪಾಜೆ ಘಾಟಿ ಮಳೆಯಲ್ಲಿ ಸುಖವಲ್ಲ, ಸೊಂಟ ಹೋಗುತ್ತದೆ, ಆದರೆ ತಲುಪಿಸಿತು. ಆ ನಾಲ್ಕು ತಿಂಗಳು ಮನೆಗೆ ಬರುವುದು ಅರ್ಧಕ್ಕರ್ಧ ಕಡಿಮೆ.

ರೂಮು, ರೈಲು, ಸ್ಟಾಫ್ ಟಿಕೆಟಿನ ಟ್ಯಾಕ್ಸು, ಬಜಪೆಯಿಂದ ಮನೆಗೆ ಟ್ಯಾಕ್ಸಿ ಎಲ್ಲ ಕೂಡಿಸಿದರೆ ತಿಂಗಳಿಗೆ 15,000ದ ಸುತ್ತ ಬೀಳುತ್ತದೆ. ಅದರಲ್ಲಿ ಟ್ಯಾಕ್ಸಿಯದ್ದೇ ದೊಡ್ಡ ಪಾಲು. ಅದಕ್ಕೆ ಈಗ ಬಜಪೆ ಹತ್ತಿರ ನೆಂಟರ ಮನೆಯಲ್ಲಿ ನನ್ನ ಹಳೇ ಸ್ಕೂಟರು ನಿಲ್ಲಿಸಿ ನೋಡುತ್ತಿದ್ದೇನೆ. ಮಳೆಗೆ ಹೇಗೆಂದು ಇನ್ನೂ ಗೊತ್ತಾಗಬೇಕಷ್ಟೆ.